ಹೊನ್ನಕ್ಕನ ಕೈಯಲ್ಲಿದ್ದ ನೂಲು

ನಮ್ಮೂರಿನಲ್ಲಿ ಒಳ್ಳೆಯ ಹೆಂಗಸು ಎಂದರೆ ಯಾರು ಗೊತ್ತೇ? ತನಗೆ ಬೇಕಾದ್ದು ಬರುವ ತನಕ ಸರದಿ ಕೇಳದವಳು. ಎಣ್ಣೆಯಿಲ್ಲದ ಬಾಣಲೆಯ ಮುಂದೆ ಸುಮ್ಮನೆ ಕೂತು ಸರದಿ ಹಾಳು ಮಾಡುವವಳನ್ನು ಇಲ್ಲಿ ಯಾರೂ ಮೆಚ್ಚುವುದಿಲ್ಲ. "ಎಣ್ಣೆ ಬರೋವರ್ಗೂ ನನ್ನ ಕರೀಬೇಡಿ, ಬೇರೆಯೋರ್ನ ಕರೀರಿ" ಎಂದು ಹೇಳಿ ನಿಂತುಬಿಟ್ಟವಳಿಗೇ ಮರ್ಯಾದೆ. ನಮ್ಮಕ್ಕ ಹೊನ್ನಮ್ಮ ಬಲು ಒಳ್ಳೆಯವಳು. ನಮ್ಮ ಮನೆ ನಿಂತುಹೋದದ್ದು ಅದರಿಂದಲೇ.

ಅಜ್ಜಿಯ ಕಾಲದಲ್ಲಿ ಊರಿಗೆಲ್ಲ ಒಂದೇ ಗಂಟೆ ಇತ್ತಂತೆ. ಕಟ್ಟೆಯ ಮೇಲೆ ಕೂತ ಕರೆಗಾರ ಒಬ್ಬರ ಹೆಸರು ಕೂಗಿ ಗಂಟೆ ಹೊಡೆದರೆ ಅವರು ಓಡಾಡಬೇಕು, ಮಿಕ್ಕವರೆಲ್ಲ ಇದ್ದಲ್ಲೇ ನಿಂತಿರಬೇಕು. ಮತ್ತೆ ಗಂಟೆ ಹೊಡೆದಾಗ ಇವರು ನಿಂತು ಇನ್ನೊಬ್ಬರು ಅಲುಗುವರು. ನಿಂತವರಿಗೆ ಏನೂ ತಿಳಿಯುವುದಿಲ್ಲ. ಹಸಿವಿಲ್ಲ, ನಿದ್ದೆಯಿಲ್ಲ, ತಲೆಗೂದಲು ನೆರೆಯುವುದಿಲ್ಲ. ಅವರು ಹಿಡಿದ ಕೆಲಸವೂ ಅವರ ಜೊತೆಗೇ ನಿಲ್ಲುತ್ತದೆ. ಬಾಯಲ್ಲಿ ಅರ್ಧ ಉಳಿದ ಮಾತು ಮುಂದಿನ ಸರದಿಯಲ್ಲಿ ಅಲ್ಲಿಂದಲೇ ಹೊರಡುತ್ತದೆ. ನಾನು ಹುಟ್ಟುವ ಹೊತ್ತಿಗೆ ಗಂಟೆ ನಾಲ್ಕಾಗಿದ್ದವು: ಮೂಡಲಿಗೊಂದು, ಪಡುವಲಿಗೊಂದು, ಬಡಗಲಿಗೊಂದು, ತೆಂಕಲಿಗೊಂದು. ಒಂದೇ ಹೊತ್ತಿಗೆ ಊರಲ್ಲಿ ನಾಲ್ಕು ಜನ ಓಡಾಡಬಹುದೆಂದು ಹಿರಿಯರೆಲ್ಲ ಹಿಗ್ಗಿದ್ದರಂತೆ. ಆದರೆ ಆ ನಾಲ್ವರೂ ನಾಲ್ಕು ದಿಕ್ಕಿನವರು. ನಮ್ಮ ಗಂಟೆಯವರು ನಮ್ಮ ಬೀದಿಗಳಲ್ಲೇ ಇರುವುದು ರೂಢಿ. ನೀರಿನವರಿಗೆ, ಸೂಲಗಿತ್ತಿಗೆ, ಬಣ್ಣದವರಿಗೆ ಮಾತ್ರ ಎಲ್ಲ ಬೀದಿಗಳೂ ಒಂದೇ. ನೀರಿನವರಿಗೂ ಸೂಲಗಿತ್ತಿಗೂ ಸರದಿಯಲ್ಲೂ ಮೊದಲು.

ಹಾಗಾಗಿ ಒಂದು ಮನೆಯವರು ಒಟ್ಟಿಗೆ ಅಲುಗಿದ್ದೆಂಬುದೇ ಇಲ್ಲ. ಅವ್ವ ನನ್ನ ತಲೆ ಬಾಚುವಾಗ ನಾನು ನಿಂತಿರುತ್ತಿದ್ದೆ. ನನ್ನ ಸರದಿ ಬಂದಾಗ ಜಡೆ ಹೆಣೆದಾಗಿರುತ್ತಿತ್ತು, ಅವ್ವ ಬಾಚಣಿಗೆ ಹಿಡಿದು ನಿಂತಿರುತ್ತಿದ್ದಳು. ಸಿಕ್ಕು ಬಿಡಿಸುವಾಗ ನೋಯುತ್ತದೆ ಎಂದು ಬೇರೆಯವರು ಹೇಳಿದರೆ ನನಗೆ ನಂಬಿಕೆಯೇ ಬರುತ್ತಿರಲಿಲ್ಲ. ಅವ್ವ ಮಾಡಿಟ್ಟದ್ದನ್ನು ಉಂಡಿದ್ದೇನೆ, ಹೊಲಿದದ್ದನ್ನು ಉಟ್ಟಿದ್ದೇನೆ. ಅವಳು ಮಾಡುವುದನ್ನು ಮಾತ್ರ ನೋಡಿದವಳಲ್ಲ. ನಮ್ಮೂರಲ್ಲಿ ಎಲ್ಲರ ಮನೆಯೂ ಹೀಗೇ, ಅದಕ್ಕೆ ಯಾರೂ ಅಳುತ್ತ ಕೂರುವುದಿಲ್ಲ.

ನಾನು ಚಿಕ್ಕವಳಿದ್ದಾಗ ಒಂದು ಕೆಂಪು ಲಂಗ ಬೇಕೆಂದು ಮನೆಯವರ ತಲೆ ತಿಂದಿದ್ದೆ. ಅಕ್ಕ ನೂಲು ತೆಗೆದಳು. ಬಿಳಿ ನೂಲಿನ ಲಡಿಯನ್ನು ಬಲಗೈಯಲ್ಲಿ ಹಿಡಿದು ಜಗಲಿಯ ಕಂಬಕ್ಕೆ ಒರಗಿ ಕೂತು ಕರೆಗಾರನಿಗೆ ಕೂಗಿ ಹೇಳಿದಳು: "ಬಣ್ಣ ಬರೋವರ್ಗೂ ನನ್ನ ಕರೀಬೇಡಿ." ಬಣ್ಣದ ಗುರುಪಾದ ಪಡುವಲ ಬೀದಿಯವನು. ಹಂಡೆ ಹೊತ್ತು ಮನೆಮನೆಗೆ ಬಂದು ನೂಲು ಅದ್ದಿಕೊಡುತ್ತಿದ್ದ. ಇವತ್ತು ಬಂದಾನು, ನಾಳೆ ಬಂದಾನು ಎಂದು ನಾವು ನೋಡಿದೆವು. ಅವನು ಬರಲಿಲ್ಲ.

ಆಮೇಲೆ ಅವ್ವ ಹಟ ಹಿಡಿದಳು. ಒಂದು ದಿನ ಒಲೆಯ ಮೇಲೆ ಹಾಲಿಟ್ಟು ಹೊಸಿಲ ಹತ್ತಿರ ಬಂದು, ಅಕ್ಕನ ಮುಖ ನೋಡುತ್ತ ಹೇಳಿದಳಂತೆ: "ನನ್ನ ಹೊನ್ನಿ ಅಲುಗಿದ ದಿನ ನನ್ನ ಕರೀರಿ. ಅವಳು ಹಿಂಗೇ ಇರೋವಾಗ ನಾನು ಮುದುಕಿ ಆಗಿ ಸತ್ರೆ, ಎದ್ದು ಯಾರ್ನ ನೋಡ್ತಾಳೆ? ನನ್ನ ಸರದಿನೆಲ್ಲ ಸಣ್ಣೋಳಿಗೆ ಕೊಡಿ." ಅಷ್ಟು ಹೇಳಿ ನಿಂತಳು. ಸಣ್ಣವಳು ಏನು ಮಾಡಬೇಕೆಂದು ಯಾರಾದರೂ ಕೇಳಿದರೇ? ನನಗೆ ಇಬ್ಬರ ಸರದಿಯೂ ಸಿಕ್ಕಿತು, ನಾನು ಬೆಳೆದೆ, ಬೆಳೆದು ಮುದುಕಿಯಾದೆ. ಈಗ ನನ್ನ ಅವ್ವನಿಗಿಂತ ನಾನೇ ದೊಡ್ಡವಳು. ಅಕ್ಕ ನನ್ನ ಮೊಮ್ಮಗಳ ಹಾಗೆ ಕಾಣುತ್ತಾಳೆ.

ಮಂಡಕ್ಕಿ ಹುರಿದು ಬದುಕಿದೆ. ಒಳಗಿನ ಒಲೆಯಲ್ಲಿ ಅವ್ವನ ಬೆಂಕಿ ನಾಲಗೆ ಚಾಚಿಕೊಂಡು ಹಾಗೇ ನಿಂತಿತ್ತು, ಮೇಲೆ ಹಾಲು ಕೆನೆಗಟ್ಟುವ ಹಂತದಲ್ಲಿ ನಿಂತಿತ್ತು. ಅದನ್ನು ಆರಿಸಲು ಮನಸ್ಸಾಗದೆ ಹಿತ್ತಲಲ್ಲಿ ಬೇರೆ ಒಲೆ ಹೂಡಿಕೊಂಡೆ. ದಿನಾ ಒಂದು ಸರದಿಯಲ್ಲಿ ಇಬ್ಬರ ಮುಖ ಒರೆಸುತ್ತಿದ್ದೆ, ಅಕ್ಕನ ಮೊಣಕೈಗೂ ಕಂಬಕ್ಕೂ ಕಟ್ಟಿದ ಜೇಡರ ಬಲೆ ತೆಗೆಯುತ್ತಿದ್ದೆ. ಒರೆಸುತ್ತ ಬೈಯುತ್ತಿದ್ದೆ. "ಒಳ್ಳೇವ್ಳಂತೆ ಒಳ್ಳೇವ್ಳು! ನಿನ್ನ ಒಳ್ಳೇತನ ಸುಡ್ಲಿ! ಕಸ ಗುಡಿಸೋಳು ಯಾರೇ ಇಲ್ಲಿ?" ಬೈದರೆ ಮನಸ್ಸಿಗೆ ಸಮಾಧಾನ. ಉತ್ತರ ಬಾರದಿದ್ದರೆ ದುಃಖ. ಎರಡೂ ಅಭ್ಯಾಸವಾಗಿಬಿಟ್ಟಿದ್ದವು.

ಕರೆಗಾರರು ಮಾತ್ರ ಎಂದೂ ನಿಲ್ಲುವುದಿಲ್ಲ, ಆದರೆ ಹಗ್ಗ ಬಿಟ್ಟು ಕಟ್ಟೆ ಇಳಿಯುವ ಹಾಗೂ ಇಲ್ಲ. ನಾಲ್ವರು ಕರೆಗಾರರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅಕ್ಕ ಮಾತು ಕೊಟ್ಟ ಕರೆಗಾರ ತೀರಿಹೋಗಿ ಈಗ ಅವನ ಮಗ ಪುಟ್ಟಮಲ್ಲ ಮೂಡಲ ಗಂಟೆ ಹೊಡೆಯುತ್ತಾನೆ. ಕಟ್ಟೆ ನಮ್ಮ ಮನೆಯ ಎದುರಿಗೇ ಇದೆ. ಅಕ್ಕನನ್ನು ಕರಿ ಎಂದು ನಾನು ಕೇಳದ ದಿನವಿಲ್ಲ. "ದೇವೀರಕ್ಕ, ಬಣ್ಣ ಬರೋವರ್ಗೂ ಕರೀಬೇಡ ಅಂದವರೆ. ಅಪ್ಪ ಸಾಯೋವಾಗ ಹೇಳ್ಬುಟ್ಟು ಹೋದ. ಕೊಟ್ಟೋರು ಹಿಂದಕ್ಕೆ ತಗೊಳ್ಳದೆ ನಾನು ಹೆಂಗೆ ಮುರೀಲಿ?" ಎನ್ನುತ್ತಿದ್ದ. ನಿಂತವಳು ಮಾತು ಹಿಂದಕ್ಕೆ ತಗೊಳ್ಳುವುದು ಹೇಗೆ ಎಂದರೆ ಹಗ್ಗ ಜಗ್ಗುತ್ತ ಆಚೆ ನೋಡುತ್ತಿದ್ದ. ಕೆಟ್ಟವನಲ್ಲ. ಅವನೂ ಒಳ್ಳೆಯವನೇ, ಅದೇ ತಾಪತ್ರಯ.

ಒಂದು ಬೆಳಿಗ್ಗೆ ಅವನೇ ನನ್ನನ್ನು ಕರೆದು, ತಲೆ ತಗ್ಗಿಸಿಕೊಂಡು ಹೇಳಿದ. "ದೇವೀರಕ್ಕ, ಹಿರೀಕರು ತೀರ್ಮಾನ ಮಾಡವರೆ. ಬಾಳ ಕಾಲದಿಂದ ನಿಂತಿರೋರ್ನೆಲ್ಲ ಬೆಟ್ಟದ ಬುಡದ ಉಗ್ರಾಣಕ್ಕೆ ಸಾಗಿಸ್ತಾರಂತೆ. ಬೀದಿಲಿ ಜಾಗ ಸಾಲ್ತಿಲ್ಲ. ಈ ಹುಣ್ಣಿಮೆ ಕಳೀತಿದ್ದಂಗೆ ನಮ್ಮ ಬೀದಿಗೆ ಗಾಡಿ ಬತ್ತದೆ."

"ಅಲ್ಲಿಗೆ ಗಂಟೆ ಕೇಳ್ತದೇನೋ?"

ಬೆಟ್ಟದ ಬುಡಕ್ಕೆ ಯಾವ ಗಂಟೆಯೂ ಕೇಳುವುದಿಲ್ಲ ಎಂದು ಊರಿನ ಕೂಸಿಗೂ ಗೊತ್ತು. ಈಗ ಆ ಉಗ್ರಾಣದ ಬಾಗಿಲು ತೆಗೆದಿದ್ದಾರೆ, ಒಬ್ಬೊಬ್ಬರನ್ನೇ ಮನೆಗೆ ಹೊತ್ತು ತರುತ್ತಿದ್ದಾರೆ, ಅದು ಬೇರೆ ಮಾತು. ಆವತ್ತು ಅಲ್ಲಿಗೆ ಹೋದವರು ಹೋದ ಹಾಗೇ. ಬೈಯುವುದು ಬಿಟ್ಟು ಗುರುಪಾದನ ಸುದ್ದಿ ವಿಚಾರಿಸಲು ಹೊರಟೆ.

ಮೊದಲು ಕೇಳಿದ್ದು ನೀರಿನ ಇಮಾಮಣ್ಣನನ್ನು. ಅವನು ಬಡಗಲ ಗಂಟೆಯವನು, ಊರೆಲ್ಲ ಸುತ್ತುವವನು. ನನ್ನ ಸರದಿಯೂ ಅವನ ಸರದಿಯೂ ಕೂಡಿಬಂದಾಗ ನಾವು ಮಾತಾಡುತ್ತಿದ್ದೆವು. ಅರ್ಧ ಮಾತಿಗೆ ನಿಂತು ಅರ್ಧ ಮಾತಿಗೆ ಎದ್ದು ರೂಢಿಯಾಗಿ, ಅವನ ಮಾತಿಗೆ ತಲೆಯೂ ಇಲ್ಲ ಬಾಲವೂ ಇಲ್ಲ. "ಗುರುಪಾದ ಎಲ್ಲೋ ಇಮಾಮಣ್ಣ?" ಎಂದರೆ, "ನಿಂತವ್ನೆ ಕಣವ್ವ, ಹಿತ್ತಲಲ್ಲಿ. ಅವನಿಗೂ ಏನೋ ಬರಬೇಕಂತೆ" ಎಂದ. ಹಿಂದೆಯೂ ಇದನ್ನೇ ಹೇಳಿದ್ದ. ಸುಣ್ಣವೋ, ಸೌದೆಯೋ, ಬೇರೋ, ಬಣ್ಣದವನಿಗೆ ಬೇಕಾದ್ದು ನೂರೆಂಟು. ಅದು ಏನು ಅಂತ ನಾನೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಅಷ್ಟರಲ್ಲಿ ಪಡುವಲಿನಿಂದ ಸುದ್ದಿ ಬಂತು. ಅಲ್ಲಿ ನಿಂತವರನ್ನು ಮೊದಲೇ ಸಾಗಿಸಲು ಶುರುಮಾಡಿದ್ದರಿಂದ ಅಲ್ಲಿನ ಗಂಟೆಗೆ ಕರೆಯಲು ಜನವೇ ಸಾಲದಂತೆ. ಕರೆಗಾರ್ತಿ ಕೆಂಚವ್ವ ಬೈದು ಹೇಳಿಕಳಿಸಿದ್ದಳು: "ಬರೀ ಗಂಟೆ ಹೊಡೀತಾ ಕೂರೋಕೆ ನಂಗೇನು ಹುಚ್ಚೇ? ನಿಮ್ಮಲ್ಲಿ ಜನ ಜಾಸ್ತಿ ಇದ್ರೆ ಒಂದಷ್ಟು ಈಕಡೀಕೆ ಕಳಿಸಿ." ಬೇರೆ ಗಂಟೆಗೆ ಹೋಗಲು ಯಾರಿಗೂ ಮನಸ್ಸಿಲ್ಲ. ಹೋದವರಿಗೆ ಮೊದಮೊದಲು ತಲೆ ನಿಲ್ಲುವುದಿಲ್ಲ, ಎಲ್ಲಿ ಏನಿದೆ ತಿಳಿಯದೆ ಸರದಿಯೆಲ್ಲ ಹುಡುಕುವುದರಲ್ಲೇ ಮುಗಿಯುತ್ತದೆ. ನಾನು ಕೈಯೆತ್ತಿದೆ. "ನನ್ನ ಕಳಿಸೋ ಪುಟ್ಟಮಲ್ಲ. ಅವನಿಗೆ ಬರಬೇಕಾದ್ದೇನು ಅಂತ ನಾನೇ ನೋಡ್ತೀನಿ. ಸುಣ್ಣವಾದರೆ ಸುಣ್ಣ, ಬೂದಿಯಾದರೆ ಬೂದಿ, ತಲೆ ಮೇಲೆ ಹೊತ್ಕೊಂಡು ಹೋಗಿ ಸುರೀತೀನಿ."

ಪಡುವಲ ಗಂಟೆಗೆ ಬಿದ್ದ ಮೊದಲ ದಿನ ನನ್ನ ಹೆಸರೇ ನನಗೆ ತಡವಾಗಿ ಹೊಳೆಯುತ್ತಿತ್ತು. ಬಾಣಲೆ ಹುಡುಕುವಷ್ಟರಲ್ಲಿ ಸರದಿ ಮುಗಿಯಿತು. ಉಪ್ಪು ಹುಡುಕುವಷ್ಟರಲ್ಲಿ ಇನ್ನೊಂದು. ಕೆಂಚವ್ವ ಕಟ್ಟೆಯ ಮೇಲಿಂದ ನೋಡಿ ನಗುತ್ತಿದ್ದಳು. ನನ್ನ ವಯಸ್ಸಿನವಳೇ, ಎಲೆಯಡಿಕೆ ತುಂಬಿದ ಬಾಯಿ. "ಬುಡವ್ವ, ಎರಡು ದಿನಕ್ಕೆ ಸರಿಹೋಯ್ತದೆ. ನಮ್ಮ ಗಂಟೆ ದನಿ ವಸಿ ಒರಟು" ಎಂದಳು. ಹಾಗೇ ಆಯಿತು. ತಲೆ ನೆಟ್ಟಗಾದ ಮೇಲೆ ಬಣ್ಣದವರ ಹಿತ್ತಲಿಗೆ ಹೋದೆ.

ಆ ಹಿತ್ತಲಿಗೆ ಗಾಡಿ ಇನ್ನೂ ಬಂದಿರಲಿಲ್ಲ, ಗುರುಪಾದ ಅಲ್ಲೇ ಇದ್ದ. ನಾನು ಲಂಗದ ಹುಡುಗಿಯಾಗಿದ್ದಾಗ ಹೇಗಿದ್ದನೋ ಹಾಗೇ, ಮೀಸೆ ಈಗ ತಾನೇ ಬಂದ ಹುಡುಗ. ಕೆಂಪು ಬಣ್ಣದ ಹಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಏನನ್ನೋ ಇಸಕೊಳ್ಳುವ ಹಾಗೆ ಒಂದು ಕೈ ಮುಂದೆ ಚಾಚಿದ್ದ. ಹಂಡೆಯ ಆವಿ ಕೂಡ ಅವನ ಮುಖದ ಹತ್ತಿರ ಹಾಗೇ ನಿಂತಿತ್ತು. ಬಣ್ಣ ಸಿದ್ಧವಾಗಿದೆ! ಮತ್ತೆ ಇವನಿಗೇನು ರೋಗ? ಕೆಂಚವ್ವನ ಕಟ್ಟೆಗೆ ಓಡಿದೆ.

"ಈ ಗುರುಪಾದನಿಗೆ ಏನು ಬರಬೇಕವ್ವ?"

ಕೆಂಚವ್ವ ಎಲೆಯಡಿಕೆ ಉಗಿದು ಹಗ್ಗ ಜಗ್ಗಿದಳು. "ನಮ್ಮತ್ತೆ ಹೇಳಿಕೊಟ್ಟಿದ್ದು. ಮೂಡ್ಲ ಬೀದಿ ಹೊನ್ನಮ್ಮ ಅನ್ನೋಳ ನೂಲು ಬರಬೇಕಂತೆ. ಯಾವುದೋ ಮಗೂಗೆ ಲಂಗಕ್ಕಂತೆ. ಮದುವೆ ಕೆಲಸ ಜಾಸ್ತಿ ಇತ್ತಂತೆ ಆಗ, ಮನೆಮನೆಗೆ ಹೋದ್ರೆ ಸರದಿ ದಂಡ, ನೂಲು ಇಲ್ಲೀಗೇ ಬರಲಿ, ಅಲ್ಲೀವರ್ಗೂ ನನ್ನ ಕರೀಬೇಡಿ ಅಂದನಂತೆ. ಬಾಳ ಒಳ್ಳೆ ಹುಡುಗ."

ನಾನು ಕಟ್ಟೆಯ ಬುಡದಲ್ಲಿ ಕೂತುಬಿಟ್ಟೆ. ನಗು ಬಂತೋ ಅಳು ಬಂತೋ ನನಗೇ ತಿಳಿಯಲಿಲ್ಲ. ಅವಳು ನೂಲು ಹಿಡಿದು ಬಣ್ಣ ಬರಲಿ ಅಂತ ನಿಂತಿದ್ದಾಳೆ, ಅವನು ಬಣ್ಣ ಕಾಯಿಸಿಕೊಂಡು ನೂಲು ಬರಲಿ ಅಂತ ಕೂತಿದ್ದಾನೆ. ಇಬ್ಬರಿಗೂ ಇನ್ನೊಬ್ಬರ ಸರದಿ ದಂಡ ಮಾಡಬಾರದೆಂಬ ಮರ್ಯಾದೆ. ಒಂದೇ ಗಂಟೆಯಿದ್ದ ಕಾಲವಾಗಿದ್ದರೆ ಎರಡು ಮಾತೂ ಒಬ್ಬನ ಕಿವಿಗೇ ಬೀಳುತ್ತಿತ್ತು. ಎರಡು ಗಂಟೆಗೆ ಎರಡು ಮಾತು ಹೋಗಿ, ನನ್ನ ಆಯಸ್ಸೆಲ್ಲ ನಡುವೆ ಕಳೆದುಹೋಗಿತ್ತು. "ಅವಳು ನಮ್ಮಕ್ಕ ಕಣವ್ವ, ಆ ಮಗು ನಾನೇ" ಎಂದು ಎಲ್ಲವನ್ನೂ ಹೇಳಿದೆ. ಕೆಂಚವ್ವನಿಗೆ ಗಂಟೆ ಹೊಡೆಯುವುದೇ ಮರೆತುಹೋಗಿ ನನ್ನ ಆ ಸರದಿ ಬಲು ಉದ್ದವಾಯಿತು.

"ಹಂಗಾದ್ರೆ ನೂಲು ತಂದ್ಬುಡವ್ವ, ಅವನ್ನ ಈಗ್ಲೇ ಕರೀತೀನಿ" ಎಂದಳು ಕಡೆಗೆ.

"ಹೊನ್ನಕ್ಕನ ಕೈಲಿದೆಯಲ್ಲೇ ಅದು!"

ನಿಂತವರ ಕೈಯಲ್ಲಿದ್ದದ್ದನ್ನು ತೆಗೆಯಬಾರದು. ಇದು ಬರೀ ರೂಢಿಯಲ್ಲ, ಭಯ. ತೆಂಕಲ ಬೀದಿಯಲ್ಲಿ ಒಬ್ಬ ಕಮ್ಮಾರ ನಿಂತಿದ್ದಾಗ ಯಾರೋ ಅವಸರಕ್ಕೆ ಅವನ ಸುತ್ತಿಗೆ ತೆಗೆದುಕೊಂಡು ಹೋದರಂತೆ. ಎದ್ದವನು ಬರಿಗೈ ನೋಡಿದ. ಏನು ಮಾಡುತ್ತಿದ್ದೆ, ಯಾರು ನಾನು, ಎಲ್ಲ ಮರೆತು, ಆಮೇಲೆ ಸಿಕ್ಕ ಸರದಿಯನ್ನೆಲ್ಲ ಅಂಗೈ ನೋಡುವುದರಲ್ಲೇ ಕಳೆದು ಸತ್ತ. ಬೇರೆ ನೂಲು ತಂದರಾಗದೇ ಎಂದೆ. "ಹೊನ್ನಮ್ಮನ ನೂಲು ಅಂದವ್ನೆ. ಬೇರೆದಕ್ಕೆ ಕರೆದ್ರೆ ಸುಳ್ಳು ಕರೆ ಆಯ್ತದೆ, ಅವನು ಏಳಾಕಿಲ್ಲ" ಎಂದಳು. ಹುಣ್ಣಿಮೆಗೆ ಇನ್ನು ಹೆಚ್ಚು ದಿನವಿರಲಿಲ್ಲ.

ಆ ಕಮ್ಮಾರನ ಅಂಗೈಯನ್ನೇ ಯೋಚಿಸುತ್ತಿದ್ದೆ. ಅವನನ್ನು ಕೆಡಿಸಿದ್ದು ಸುತ್ತಿಗೆ ಹೋದದ್ದಲ್ಲ, ಕೈ ಬರಿದಾದದ್ದು ಅನ್ನಿಸಿತು. ಬರಿದಾಗದಿದ್ದರೆ? "ಕೆಂಚವ್ವ, ನನ್ನನ್ನ ನಿನ್ನ ಗಂಟೆಯಲ್ಲೇ ಇಟ್ಕೊ, ಮನೆಗೆ ಹೋಗಿಬತ್ತೀನಿ. ನೂಲು ತೆಗೆದು ಆ ಕೈಯೊಳಗೆ ನನ್ನ ಕೈ ಇಡ್ತೀನಿ. ಇಟ್ಟ ಮೇಲೆ ನನ್ನ ನಿಲ್ಲಿಸ್ಬುಡು, ನಿನ್ನ ಗಂಟೆ ಗುರುಪಾದನಿಗೆ ಬೇಕು. ನೂಲನ್ನ ನೀರಿನ ಇಮಾಮಣ್ಣನ ಕೈಲಿ ಕಳಿಸ್ತೀನಿ. ಗುರುಪಾದ ಅದನ್ನ ಅದ್ದಿ, ಬಣ್ಣ ತಗೊಂಡು ನಮ್ಮ ಬಾಗಿಲಿಗೆ ಬರಲಿ. ಹೊನ್ನಕ್ಕ ಅಲುಗೋವರ್ಗೂ ನನ್ನ ಕರೀಬೇಡ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅವ್ವ ಹೇಳಿದ್ದನ್ನೇ ನಾನೂ ಹೇಳಿದ್ದೆ. ಕೆಂಚವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಅಲ್ಲ ಕಣವ್ವ, ಅವಳು ಏಳದಿದ್ರೆ? ಗಾಡಿಯೋರು ನಿಮ್ಮ ಮೂವರನ್ನೂ ಎತ್ತಾಕ್ಕೊಂಡು ಹೋಯ್ತಾರೆ."

"ಹೋಗ್ಲಿ ಬುಡು. ಮೂವರೂ ಒಟ್ಟಿಗಾದರೂ ಇರ್ತೀವಿ."

ಹೀಗೆ ಪಡುವಲ ಗಂಟೆಯ ಮೇಲೆ ನಮ್ಮ ಬೀದಿಗೆ ಬಂದೆ. ಬಂದು ಬೆಪ್ಪಾದೆ. ಯಾಕೆಂದರೆ ಮೂಡಲ ಗಂಟೆ ಅದರಷ್ಟಕ್ಕೆ ಅದು ಹೊಡೆಯುತ್ತಿತ್ತು, ಪುಟ್ಟಮಲ್ಲ ನಮ್ಮ ಪಕ್ಕದ ಮನೆ ಶಿವಮ್ಮನ ಹೆಸರು ಕೂಗಿದ, ಶಿವಮ್ಮ ನನ್ನ ಕಣ್ಣೆದುರೇ ನಡೆದಳು! ಹುಟ್ಟಿದಂದಿನಿಂದ ಗೋಡೆ ಹಂಚಿಕೊಂಡವಳು, ಅವಳು ಎಡಗಾಲು ಎಳೆದು ಹಾಕುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಅವಳೂ ನನ್ನನ್ನು ನೋಡಿ ಕೈಯಲ್ಲಿದ್ದ ಮೊರ ಬಿಟ್ಟಳು.

"ಅಯ್ಯಯ್ಯೋ, ದೇವೀರಿ! ನೀನು ಮಾತಾಡೋವಾಗ ಹುಬ್ಬು ಹಿಂಗೆ ಕುಣಿಸ್ತೀಯೇನೇ?"

"ನೀನು ಕುಂಟೋದು ಯಾಕೆ ಹೇಳ್ಲಿಲ್ಲ ನಂಗೆ?"

"ಯಾವಾಗ ಹೇಳ್ಲೇ, ನೀನು ಯಾವಾಗಲೂ ಕಂಬದಂಗೆ ನಿಂತಿರ್ತಿದ್ದೆ!"

ಒಬ್ಬರ ಕೈ ಒಬ್ಬರು ಹಿಡಿದು ಹುಚ್ಚರ ಹಾಗೆ ನಕ್ಕೆವು. ಅವಳ ಸರದಿ ಮುಗಿದಾಗ ನಗು ಬಾಯಲ್ಲೇ ಇಟ್ಟುಕೊಂಡು ನಿಂತಳು. ನಾಲ್ಕು ಗಂಟೆ ಇಟ್ಟುಕೊಂಡು ಇಷ್ಟು ಕಾಲ ನಾವು ಎಂಥ ಪೆದ್ದರಾಗಿದ್ದೆವು!

ಜಗಲಿ ಹತ್ತಿ ಅಕ್ಕನ ಮುಂದೆ ಕೂತೆ. ಇಮಾಮಣ್ಣ ಹೇಳಿದ ಹೊತ್ತಿಗೆ ಬಂದು, ಹೆಗಲ ಮೇಲೆ ಕೊಡ ಇಟ್ಟುಕೊಂಡು ಅಂಗಳದಲ್ಲಿ ಕಾದಿದ್ದ. ಅಕ್ಕನ ಕಿರುಬೆರಳು ಬಿಡಿಸಿದೆ. ಎದುರಿನ ಕಟ್ಟೆಯಿಂದ ಪುಟ್ಟಮಲ್ಲ ಕಿರುಚಿಕೊಂಡ. "ದೇವೀರಕ್ಕ! ಮುಟ್ಟಬೇಡ! ಆ ಕಮ್ಮಾರನ ಕತೆ ಮರೆತ್ಯಾ? ಹೊನ್ನಕ್ಕ ಹಂಗಾದ್ರೆ ಏನು ಮಾಡ್ತೀಯ?" ಹಗ್ಗ ಬಿಟ್ಟು ಇಳಿಯುವ ಹಾಗಿಲ್ಲ, ಅಲ್ಲೇ ಕುಣಿಯುತ್ತಿದ್ದ.

"ನೀನು ನಿನ್ನ ಗಂಟೆ ನೋಡ್ಕೊಳ್ಳೋ! ಬಣ್ಣ ಬಂದಾಗ ಕರೀತೀಯ ತಾನೇ? ಅಷ್ಟು ಮಾಡು ಸಾಕು!"

ಒಂದೊಂದೇ ಬೆರಳು ಬಿಡಿಸಿದೆ. ಆ ಬೆರಳುಗಳು ಬೆಚ್ಚಗೇ ಇದ್ದವು, ನೂಲು ಆಗ ತಾನೇ ತೆಗೆದ ಹಾಗೆ ಮೆತ್ತಗಿತ್ತು. ಒಂದು ಎಳೆಯನ್ನೂ ಸಿಕ್ಕಾಗಿಸದೆ ಎಡಗೈಯಿಂದ ಲಡಿಯನ್ನು ಎಳೆಯುತ್ತ, ಅದು ಜಾರಿದಷ್ಟೂ ಬಲಗೈಯನ್ನು ಒಳಗೆ ತೂರಿಸಿದೆ. ಅಂಗೈ ಒಂದು ಗಳಿಗೆಯೂ ಬರಿದಾಗಲಿಲ್ಲ, ಅಷ್ಟು ನಾನು ಆಣೆಯಿಟ್ಟು ಹೇಳಬಲ್ಲೆ. ನೂಲನ್ನು ಇಮಾಮಣ್ಣನಿಗೆ ಕೊಟ್ಟೆ. ಅವನು ಅದನ್ನು ತಲೆಗೆ ಸುತ್ತಿದ ಟವೆಲ್ಲಿನೊಳಗೆ ಜೋಪಾನ ಮಾಡಿದ.

"ಒಂದು ತೊಟ್ಟೂ ನೀರು ತಾಗಾಕಿಲ್ಲ ಕಣವ್ವ. ಆಮೇಲೆ, ಅವ್ವನ ಇಸ್ಯ—" ಎಂದ.

"ಏನೋ ಅವ್ವನ ವಿಷಯ?"

"ಅದನ್ನ ನಂಗೆ ಬುಡು" ಎಂದು ನಡೆದುಬಿಟ್ಟ. ಅವನ ಮಾತು ಯಾವತ್ತು ಪೂರ್ತಿಯಾಗಿತ್ತು? ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಅಕ್ಕನ ಕೈಯೊಳಗೆ ನನ್ನ ಸುಕ್ಕುಗಟ್ಟಿದ ಕೈ ನೋಡುತ್ತ ಕೂತೆ. ಹೊಸಿಲಲ್ಲಿ ಅವ್ವ ಇವಳನ್ನೇ ನೋಡುತ್ತ ನಿಂತಿದ್ದಳು. ದೇವರೇ, ಇವಳು ಅಂಗೈ ನೋಡುವ ಹಾಗೆ ಮಾಡಬೇಡ, ನನ್ನ ಮುಖ ನೋಡಲಿ ಅಂದುಕೊಂಡೆ. ಪಡುವಲ ಗಂಟೆ ಹೊಡೆಯಿತು.

ನಿಂತದ್ದು ನಿಂತವರಿಗೆ ತಿಳಿಯುವುದಿಲ್ಲ ಎಂದೆನಲ್ಲ. ಗಂಟೆಯ ದನಿ ಇನ್ನೂ ಕಿವಿಯಲ್ಲಿತ್ತು, ಅಷ್ಟರಲ್ಲೇ ನನ್ನ ಕೈಯನ್ನು ಯಾರೋ ಬಿಗಿಯಾಗಿ ಹಿಡಿದರು. ಹಿಡಿದ ಬೆರಳು ನನ್ನದಲ್ಲ.

ಅಂಗಳದಲ್ಲಿ ಗುರುಪಾದ ಹಂಡೆ ಇಳಿಸಿ, ಒದ್ದೆ ಕೆಂಪು ಲಡಿಯನ್ನು ಎತ್ತಿ ಹಿಡಿದು ನಿಂತಿದ್ದ. ಮೂಡಲ ಗಂಟೆಯಲ್ಲಿ ಅಕ್ಕನ ಹೆಸರು ಕೇಳಿಸಿದ ಕೂಡಲೇ ಅವನನ್ನು ನಿಲ್ಲಿಸಿ ಕೆಂಚವ್ವ ಆ ಸರದಿ ನನಗೆ ಕೊಟ್ಟಿದ್ದಳು. ಎದುರಿನ ಕಟ್ಟೆಯ ಮೇಲೆ ಪುಟ್ಟಮಲ್ಲ ಹಗ್ಗ ಹಿಡಿದುಕೊಂಡೇ ಅಳುತ್ತಿದ್ದ. ಬಣ್ಣ ಬಂದಿದೆ, ಹೊನ್ನಮ್ಮನ ಹೆಸರು ಕೂಗಿದ್ದಾನೆ. ಅಕ್ಕ ತಲೆ ತಗ್ಗಿಸಿ ತನ್ನ ಕೈ ನೋಡುತ್ತಿದ್ದಳು. ನೋಡುತ್ತಲೇ ಇದ್ದಳು. ಅವಳ ಹೆಬ್ಬೆರಳು ನನ್ನ ಬೆರಳ ಗಿಣ್ಣುಗಳ ಮೇಲೆ ಮೆಲ್ಲಗೆ ಓಡಾಡಿತು. ಆಮೇಲೆ ಕತ್ತೆತ್ತಿದಳು.

"ಯಾರಜ್ಜಿ ನೀವು?"

ಎಷ್ಟು ದಿನ ಎಂಥೆಂಥ ಒಳ್ಳೆಯ ಮಾತು ಆಡಬೇಕೆಂದು ಲೆಕ್ಕ ಹಾಕಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ಅಜ್ಜಿಯಂತೆ ಅಜ್ಜಿ! ಯಾರಿಂದಲೇ ನಾನು ಅಜ್ಜಿಯಾದದ್ದು? ಹಾಳಾದವ್ಳೇ, ಬಣ್ಣ ಬರಲಿ ಅಂತ ನಿಂತ್ಯಲ್ಲ, ನನ್ನ ಲಂಗ ಎಲ್ಲೇ? ನಿನ್ನ ಮೂಗಿನ ಮೇಲಿನ ಧೂಳು ಒರೆಸಿ ಒರೆಸಿ ನನ್ನ ಕೈ ಸವೆದುಹೋಯ್ತು!"

ಅಕ್ಕನ ಬಾಯಿ ತೆರೆದುಕೊಂಡಿತು. ಕಣ್ಣು ಅಗಲವಾಯಿತು. "ದೇವೀರಿ?" ಎಂದಳು. ನನ್ನ ಕೆನ್ನೆ ಮುಟ್ಟಿದಳು, ಬಿಳಿಗೂದಲು ಮುಟ್ಟಿದಳು, ಗುರುಪಾದನ ಕೈಯ ಲಡಿ ನೋಡಿದಳು, ಮತ್ತೆ ನನ್ನ ನೋಡಿದಳು. ಅವಳಿಗೆ ಎಲ್ಲವೂ ನಿಧಾನವಾಗಿ ತಿಳಿಯಿತು. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಆದರೂ ಹುಟ್ಟುಗುಣ ಬಿಡಲಿಲ್ಲ ನೋಡಿ. "ಅಷ್ಟು ನೂಲು ನಿನ್ನ ಲಂಗಕ್ಕೆ ಈಗ ಎಲ್ಲಿ ಸಾಲ್ತದೇ" ಎಂದಳು.

ನಾವಿಬ್ಬರೂ ನಕ್ಕೆವು. ಅವಳು ನಕ್ಕು ಮುಗಿಸಿ ನಿಂತ ಮೇಲೆ ನಾನು ನಗುವುದಲ್ಲ, ಒಟ್ಟಿಗೆ. ಅವಳು ನಗುವಾಗ ಭುಜ ಅಲುಗುತ್ತದೆ, ನನ್ನದೂ ಹಾಗೇ ಅಲುಗುತ್ತಿತ್ತು. ನಾನು ಅವಳ ಭುಜಕ್ಕೆ ತಲೆಯಿಟ್ಟು ಅತ್ತೆ. ವಯಸ್ಸಾದವಳೆಂಬ ನಾಚಿಕೆಯೂ ಇಲ್ಲದೆ ಅತ್ತೆ. ಅವಳು ನನ್ನ ಬೆನ್ನು ಸವರಿದಳು, ಸವರಿದ್ದು ನನಗೆ ಗೊತ್ತಾಯಿತು.

ಆಗ ಅಂಗಳದ ಆಚೆ ಯಾರೋ ಕೆಮ್ಮಿದರು. ಇಮಾಮಣ್ಣ. ಹೆಗಲ ಮೇಲೆ ತುಂಬಿದ ಕೊಡ ಇತ್ತು. ನಮ್ಮಿಬ್ಬರನ್ನೂ ನೋಡಿ ಹಲ್ಲು ಬಿಟ್ಟ. "ನಮ್ಮ ಬಡಗ್ಲ ಕರೆಗಾರಪ್ಪಂಗೆ ಹೇಳಿಬಂದಿವ್ನಿ. ಹೊನ್ನವ್ವ ಅಲುಗಿದ್ಲು ತಾನೇ? ನನ್ನ ಸರದಿ ತಗೀರಿ, ಆ ತಾಯಿಗೆ ಕೊಡಿ ಅಂತ—" ಅವನ ಮಾತು ಅಲ್ಲಿಗೇ ನಿಂತಿತು. ಊರಿಗೆಲ್ಲ ಮೊದಲ ಸರದಿಯವನು, ನಮ್ಮ ಅಂಗಳದಲ್ಲಿ ಕೊಡ ಹೊತ್ತುಕೊಂಡು ತಾನಾಗಿ ನಿಂತ. ದೂರದಲ್ಲಿ ಬಡಗಲ ಗಂಟೆ ನಮ್ಮ ಅವ್ವನ ಹೆಸರು ಕೂಗಿತು.

ಅವ್ವನ ರೆಪ್ಪೆ ಬಡಿಯಿತು. ಅಕ್ಕನನ್ನು ನೋಡಿದಳು, ಅವಳು ಅಲುಗುವುದನ್ನು ನೋಡಿದಳು. ಬಾಗಿಲ ಚೌಕಟ್ಟಿಗೆ ಕೈಯೂರಿ ಒಂದು ಉಸಿರು ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಈ ಮುದುಕಿಯನ್ನು, ಒಂದು ಕ್ಷಣವೂ ಅನುಮಾನಿಸದೆ ಗದರಿದಳು. "ಏನೇ ಅದು ತಲೆ, ದೇವೀರಿ? ಬಾಚ್ಕೊಳ್ಳೋಕೆ ಏನಾಗಿತ್ತು? ಬಾ ಇಲ್ಲಿ, ಕೂತ್ಕೊ."

ಒಳಗೆ ಅವ್ವನ ಒಲೆಯಲ್ಲಿ ಬೆಂಕಿ ಎದ್ದು, ಹಾಲು ಉಕ್ಕುವ ಸದ್ದು ಕೇಳಿಸಿತು. "ಅಯ್ಯೋ, ಹಾಲು!" ಎಂದು ಅವ್ವ ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದಳು. ನಾನು ಅಕ್ಕನ ಕೈ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತು ನೋಡಿದೆ. ನಮ್ಮ ಅವ್ವ ಓಡುವಾಗ ಬಲಗೈಯನ್ನು ಸೊಂಟದ ಮೇಲೆ ಇಟ್ಟುಕೊಂಡು ಓಡುತ್ತಾಳೆ.